ಸೇಂಟ್ ಮಾರ್ಟಿನ್‌ವಿಲ್‌ನ ಹಳೆಯ ಚರ್ಚನ್ನು ಸ್ಥಾಪಿಸಿದವರು ಯಾರು?

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿ ನೆಲೆಸಿದ್ದೇವೆ. ರಜೆಯಲ್ಲಿ ಲೂಯಿಸಿಯಾನದ ಕಡೆ ಕಾರಿನಲ್ಲಿ ಹೋಗಿದ್ದಾಗ ಸೇಂಟ್ ಮಾರ್ಟಿನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಸಂತ ಮಾರ್ಟಿನರ ಹಳೆಯ ಕಥೋಲಿಕ ಚರ್ಚನ್ನು ನೋಡಿದೆವು. ಕೆನಡಾದಿಂದ ಗಡಿಪಾರಾದ ಅಕೇಡಿಯನ್ನರು 1765ರಲ್ಲಿ ಅದನ್ನು ಸ್ಥಾಪಿಸಿದರೆಂದು ಅಲ್ಲಿದ್ದವರು ಹೇಳಿದರು. ಆದರೆ ಕಟ್ಟಡ ಅಷ್ಟು ಹಳೆಯದಾಗಿ ಕಾಣಲಿಲ್ಲ. ಪಕ್ಕದಲ್ಲೇ ಇವಾಂಜಲೀನ್ ಎಂಬಾಕೆಯ ಸಮಾಧಿಯನ್ನೂ ತೋರಿಸಿದರು. ಆಕೆ ಕವಿತೆಯೊಂದರ ನಾಯಕಿಯೆಂದು ಮನೆಗೆ ಬಂದ ಮೇಲೆ ತಿಳಿಯಿತು. ನಾವು ಕೇಳಿದ್ದರಲ್ಲಿ ಚರಿತ್ರೆ ಎಷ್ಟು, ಕಟ್ಟುಕಥೆ ಎಷ್ಟು?

ಉತ್ತರ: ಚುಟುಕಾಗಿ ಹೇಳುವುದಾದರೆ, ಆ ಧರ್ಮಕೇಂದ್ರಕ್ಕೆ, ಅಂದರೆ ಚರ್ಚಿನ ಭಕ್ತಸಮುದಾಯಕ್ಕೆ, ಮೊದಲಿಟ್ಟವರು ಅಕೇಡಿಯನ್ನರೇ, ವರ್ಷವೂ 1765 ಎಂಬುದು ಸರಿ, ನೀವು ಕಂಡ ಕಟ್ಟಡ ಮಾತ್ರ ಅವರ ಮೊಮ್ಮಕ್ಕಳ ಕಾಲದ್ದು, ಸಮಾಧಿ ಕಟ್ಟುಕಥೆ. ಆದರೆ ಇಷ್ಟಕ್ಕೆ ನಿಲ್ಲಿಸಿದರೆ ‘ಗಡಿಪಾರಾದವರು’, ‘ಕೆನಡಾದಿಂದ’, ‘ಸ್ಥಾಪಿಸಿದರು’ ಎಂಬ ಮೂರು ಮಾತುಗಳೂ ಹಾಗೆಯೇ ಉಳಿದುಬಿಡುತ್ತವೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ತಿದ್ದುಪಡಿ ಬೇಕಾಗಿದೆ.

ಮೊದಲು ‘ಕೆನಡಾ’ದ ಮಾತು. 18ನೇ ಶತಮಾನದಲ್ಲಿ ಕೆನಡಾ ಎಂದರೆ ಸೇಂಟ್ ಲಾರೆನ್ಸ್ ನದಿಯ ದಡದ ಫ್ರೆಂಚ್ ವಸಾಹತು. ಅಕೇಡಿಯಾ ಅದರಿಂದ ಬೇರೆಯಾದ, ಅಟ್ಲಾಂಟಿಕ್ ಕರಾವಳಿಯ ಇನ್ನೊಂದು ಫ್ರೆಂಚ್ ವಸಾಹತು. 1604ರಲ್ಲಿ ಸೇಂಟ್ ಕ್ರ್ವಾ ಎಂಬ ನಡುಗಡ್ಡೆಯಲ್ಲಿ ಒಂದು ಭೀಕರ ಚಳಿಗಾಲವನ್ನು ಕಳೆದ ಫ್ರೆಂಚರು 1605ರಲ್ಲಿ ಪೋರ್ ರಾಯಲ್‌ಗೆ ಬಂದು ನೆಲೆಯೂರಿದರು. ಇಂದಿನ ನೋವಾ ಸ್ಕೋಷಿಯಾ, ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯಗಳ ಫಂಡಿ ಕೊಲ್ಲಿಯ ಅಂಚು ಅವರ ನಾಡು. ಜಗತ್ತಿನ ಅತಿ ಎತ್ತರದ ಉಬ್ಬರಗಳು ಕಾಣುವ ಆ ಕೊಲ್ಲಿಯ ಉಪ್ಪುಜೌಗನ್ನು ಅವರು ಮಣ್ಣಿನ ಒಡ್ಡು ಹಾಕಿ ಗದ್ದೆ ಮಾಡಿಕೊಂಡರು. ಒಡ್ಡಿನ ಬುಡದಲ್ಲಿ ಮರದ ತೂಬು, ತೂಬಿನೊಳಗೆ ಒಂದೇ ಕಡೆಗೆ ತೆರೆದುಕೊಳ್ಳುವ ಕದ: ಇಳಿತದಲ್ಲಿ ಮಳೆನೀರು ಅದನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ, ಉಬ್ಬರದಲ್ಲಿ ಸಮುದ್ರದ ನೀರೇ ಅದನ್ನು ಮುಚ್ಚಿಬಿಡುತ್ತದೆ. ಎರಡು ಮೂರು ವರ್ಷ ಮಳೆ ಬಿದ್ದು ಉಪ್ಪು ತೊಳೆದುಹೋದ ಮೇಲೆ ಆ ನೆಲದಲ್ಲಿ ಗೋಧಿ ಬೆಳೆಯುತ್ತಿತ್ತು. ಕುಮಟಾ ಕಡೆಯ ಗಜನಿ ಗದ್ದೆಗಳ ಒಡ್ಡು, ಬಾಗಿಲುಗಳನ್ನು ಕಂಡವರಿಗೆ ಈ ಉಪಾಯ ತಕ್ಷಣ ಅರ್ಥವಾಗುತ್ತದೆ. ಒಡ್ಡು ಕಟ್ಟುವುದು, ಕಾಯುವುದು ಒಂಟಿ ಕುಟುಂಬದ ಕೈಲಾಗುವ ಕೆಲಸವಲ್ಲ. ಹೀಗಾಗಿ ಊರೇ ಒಂದು ಬಂಧುಬಳಗವಾಗಿ ಬೆಳೆದಿತ್ತು. ಈ ಬಳಗದ ಗುಣ ಮುಂದೆ ಲೂಯಿಸಿಯಾನದ ಕಥೆಯಲ್ಲಿ ಮುಖ್ಯವಾಗುತ್ತದೆ.

1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಈ ನಾಡು ಬ್ರಿಟನ್ನಿನ ಪಾಲಾಯಿತು. ಅಕೇಡಿಯನ್ನರು ಹೊಸ ದೊರೆಗೆ ವಿಧೇಯರಾಗಿರಲು ಒಪ್ಪಿದರೂ ಫ್ರೆಂಚರ ಮೇಲಾಗಲಿ ಮಿಗ್‌ಮಾ ಮೂಲನಿವಾಸಿಗಳ ಮೇಲಾಗಲಿ ಆಯುಧ ಎತ್ತುವುದಿಲ್ಲ ಎಂಬ ಷರತ್ತನ್ನು ಬಿಡಲಿಲ್ಲ. ನಾಲ್ಕು ದಶಕಗಳ ಕಾಲ ಹೇಗೋ ನಡೆದುಕೊಂಡು ಬಂದ ಈ ಏರ್ಪಾಡು, ಫ್ರಾನ್ಸ್ ಮತ್ತು ಬ್ರಿಟನ್ನುಗಳ ನಡುವೆ ಮತ್ತೆ ಯುದ್ಧದ ಕಾವು ಏರಿದಾಗ ಮುರಿದುಬಿತ್ತು. 1755ರ ಜುಲೈ 28ರಂದು ಹ್ಯಾಲಿಫ್ಯಾಕ್ಸ್‌ನಲ್ಲಿ ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಲಾರೆನ್ಸ್ ಮತ್ತು ಅವನ ಸಲಹಾ ಮಂಡಳಿ ಎಲ್ಲರನ್ನೂ ಹೊರಹಾಕುವ ತೀರ್ಮಾನ ಕೈಗೊಂಡಿತು.

ಆ ತೀರ್ಮಾನವನ್ನು ಗ್ರಾಂ ಪ್ರೇ ಎಂಬಲ್ಲಿ ಜಾರಿಗೆ ತಂದ ಬಗೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ನಡೆದದ್ದು ಒಂದು ಚರ್ಚಿನೊಳಗೆ. ಪಡೆಯ ಮುಖ್ಯಸ್ಥ ಜಾನ್ ವಿನ್‌ಸ್ಲೋ ಅಲ್ಲಿನ ಸಂತ ಚಾರ್ಲ್ಸರ ಚರ್ಚನ್ನೇ ಠಾಣೆ ಮಾಡಿಕೊಂಡ. ಬರುವುದಕ್ಕೆ ಮುಂಚೆ ಪವಿತ್ರ ವಸ್ತುಗಳನ್ನೆಲ್ಲ ತೆಗೆದಿಟ್ಟುಕೊಳ್ಳುವಂತೆ ಊರಿನ ಹಿರಿಯರಿಗೆ ಹೇಳಿದನೆಂದು ಅವನ ದಿನಚರಿಯಿಂದಲೇ ತಿಳಿಯುತ್ತದೆ. ತನ್ನ ಪ್ರಾಟೆಸ್ಟಂಟ್ ಸೈನಿಕರಿಂದ ಅವಕ್ಕೆ ಮೈಲಿಗೆಯಾದೀತೆಂದು ಊರವರು ನೊಂದುಕೊಳ್ಳಬಾರದು ಎಂಬುದು ಅವನ ಲೆಕ್ಕ. ಸೆಪ್ಟೆಂಬರ್ 5ರ ಮಧ್ಯಾಹ್ನ ಮೂರು ಗಂಟೆಗೆ ಊರಿನ ಗಂಡಸರೂ ಹುಡುಗರೂ ರಾಜಾಜ್ಞೆಯನ್ನು ಕೇಳಲು ಅದೇ ಚರ್ಚಿಗೆ ಬರಬೇಕೆಂದು ಡಂಗುರವಾಯಿತು. 418 ಮಂದಿ ಬಂದರು. ಬಾಗಿಲು ಹಾಕಿಸಿ, ಅವರ ಹೊಲ, ಮನೆ, ದನಕರುಗಳು ದೊರೆಯ ವಶವಾಗಿವೆಯೆಂದೂ ಹಣ ಮತ್ತು ಹೊರಬಹುದಾದ ಸಾಮಾನುಗಳೊಂದಿಗೆ ಅವರೆಲ್ಲ ನಾಡು ಬಿಡಬೇಕೆಂದೂ ಓದಿ ಹೇಳಲಾಯಿತು. ಜ್ಞಾನಸ್ನಾನ, ಮದುವೆಗಳನ್ನು ಕಂಡ ಗೋಡೆಗಳು ಅಂದಿನಿಂದ ಸೆರೆಮನೆಯ ಗೋಡೆಗಳಾದವು. ಆ ವರ್ಷ ಆರು ಸಾವಿರಕ್ಕೂ ಹೆಚ್ಚು ಜನರನ್ನು, 1763ರೊಳಗೆ ಒಟ್ಟು ಹತ್ತು ಸಾವಿರದಷ್ಟು ಜನರನ್ನು ಹಡಗುಗಳಲ್ಲಿ ತುಂಬಿ ಸಾಗಿಸಲಾಯಿತು.

ಎಲ್ಲಿಗೆ? ಇಲ್ಲಿಯೇ ಪ್ರವಾಸಿಗರಿಗೆ ಹೇಳುವ ಕಥೆ ಸಾಮಾನ್ಯವಾಗಿ ಜಾರುವುದು. ಬ್ರಿಟಿಷರು ಯಾರನ್ನೂ ಲೂಯಿಸಿಯಾನಕ್ಕೆ ಗಡಿಪಾರು ಮಾಡಲಿಲ್ಲ. ಫ್ರೆಂಚರ ನಾಡಿಗೆ ಫ್ರೆಂಚ್ ಭಾಷಿಕರನ್ನು ಕಳಿಸಿ ಶತ್ರುವಿನ ಬಲವನ್ನು ಅವರು ಏಕೆ ಹೆಚ್ಚಿಸಿಯಾರು? 1755ರ ಹಡಗುಗಳು ಹೋದದ್ದು ಮ್ಯಾಸಚೂಸೆಟ್ಸ್‌ನಿಂದ ಜಾರ್ಜಿಯಾದವರೆಗಿನ ಇಂಗ್ಲಿಷ್ ವಸಾಹತುಗಳಿಗೆ, ಊರಿಗಿಷ್ಟು ಜನರಂತೆ ಚದುರಿಸುವ ಉದ್ದೇಶದಿಂದ. ವರ್ಜೀನಿಯಾ ತನ್ನ ಪಾಲಿನವರನ್ನು ಇಟ್ಟುಕೊಳ್ಳಲೊಪ್ಪದೆ ಇಂಗ್ಲೆಂಡಿಗೆ ಅಟ್ಟಿತು. ಲೂಯಿಸಿಯಾನಕ್ಕೆ ಬಂದವರು ಯುದ್ಧ ಮುಗಿದ ಮೇಲೆ, ತಾವಾಗಿಯೇ ಆ ದಿಕ್ಕನ್ನು ಆರಿಸಿಕೊಂಡು ಬಂದವರು.

ನೀವು ನೋಡಿದ ಚರ್ಚಿಗೆ ಸಂಬಂಧಿಸಿದ ಗುಂಪಿನಲ್ಲಂತೂ ಬಹುಪಾಲು ಜನ 1755ರಲ್ಲಿ ಹಡಗು ಹತ್ತಿದ್ದೇ ಇಲ್ಲ. ಆ ಗುಂಪಿನ ಮುಖಂಡ ಜೋಸೆಫ್ ಬ್ರೂಸಾರ್. ಬೋಸೊಲೇ, ಅಂದರೆ ‘ಚೆಂದದ ಸೂರ್ಯ’, ಎಂಬುದು ಅವನ ಅಡ್ಡಹೆಸರು. ಅವನೂ ಅವನ ಅಣ್ಣ ಅಲೆಕ್ಸಾಂದ್ರನೂ ಪೆಟಿಕೋಡಿಯಾಕ್ ನದಿಯ ಕಡೆಯ ಕಾಡುಗಳಲ್ಲಿ ಅಡಗಿ, ಬ್ರಿಟಿಷ್ ಪಡೆಗಳೊಂದಿಗೆ ವರ್ಷಗಟ್ಟಲೆ ಕಾದಾಡಿದರು. ಹಸಿವಿಗೆ ಸೋತು ಶರಣಾದ ಮೇಲೆ ಹ್ಯಾಲಿಫ್ಯಾಕ್ಸ್ ಕಡೆ ಸೆರೆಯಲ್ಲಿದ್ದರು. 1763ರ ಪ್ಯಾರಿಸ್ ಒಪ್ಪಂದದ ನಂತರ ನಿಷ್ಠೆಯ ಪ್ರಮಾಣ ಮಾಡಿ, ಸರಕಾರ ಹೇಳಿದಲ್ಲಿ ಚದುರಿಹೋಗಿ ಬದುಕುವುದಾದರೆ ಇರಬಹುದು ಎಂಬ ಅವಕಾಶ ಸಿಕ್ಕರೂ ಬೋಸೊಲೇ ಒಪ್ಪಲಿಲ್ಲ. ಅವರದೇ ಹಳೆಯ ಒಡ್ಡುಗದ್ದೆಗಳಲ್ಲಿ ಆಗಲೇ ನ್ಯೂ ಇಂಗ್ಲೆಂಡಿನ ಒಕ್ಕಲುಗಳು ಬಂದು ಕುಳಿತಿದ್ದವು. 1764ರ ಕೊನೆಯಲ್ಲಿ ಈ ಗುಂಪು ಸ್ವಂತ ಖರ್ಚಿನಲ್ಲಿ ಹಡಗು ಗೊತ್ತುಮಾಡಿಕೊಂಡು ಕೆರಿಬಿಯನ್ನಿನ ಸಾಂ ದೊಮಾಂಗ್‌ಗೆ, ಅಲ್ಲಿಂದ ನ್ಯೂ ಆರ್ಲಿಯನ್ಸ್‌ಗೆ ಹೊರಟಿತು. 1765ರ ಫೆಬ್ರವರಿಯಲ್ಲಿ ಬಂದಿಳಿದವರು ಸುಮಾರು 200 ಮಂದಿ. ಅದಕ್ಕೂ ಒಂದು ವರ್ಷ ಮುಂಚೆ ನಾಲ್ಕು ಕುಟುಂಬಗಳ ಇಪ್ಪತ್ತು ಜನ ಬಂದಿದ್ದರಾದರೂ, ದೊಡ್ಡ ಗುಂಪಾಗಿ ಬಂದವರಲ್ಲಿ ಇವರೇ ಮೊದಲಿಗರು.

ಅವರಿಗೆ ಕಾದಿದ್ದ ಆಶ್ಚರ್ಯವೆಂದರೆ, ಫ್ರಾನ್ಸ್ 1762ರಲ್ಲಿಯೇ ಲೂಯಿಸಿಯಾನವನ್ನು ಗುಟ್ಟಾಗಿ ಸ್ಪೇನ್‌ಗೆ ಬಿಟ್ಟುಕೊಟ್ಟಾಗಿತ್ತು. ಸ್ಪೇನಿನ ಗವರ್ನರ್ ಇನ್ನೂ ಬಂದಿರಲಿಲ್ಲ. ಖಾಲಿ ಬೊಕ್ಕಸ ಹಿಡಿದುಕೊಂಡು ಫ್ರೆಂಚ್ ಅಧಿಕಾರಿಗಳೇ ದಿನ ದೂಡುತ್ತಿದ್ದರು. ನಗರಕ್ಕೆ ಮಾಂಸ ಬೇಕಿತ್ತು, ಪಶ್ಚಿಮದ ಅಟಕಪಾಸ್ ಎಂಬ ಹುಲ್ಲುಗಾವಲು ಸೀಮೆಯಲ್ಲಿ ದನ ಸಾಕುವವರು ಬೇಕಿತ್ತು. ಅಟಕಪಾ ಎಂಬುದು ಆ ಸೀಮೆಯ ಮೂಲನಿವಾಸಿಗಳನ್ನು ಹೊರಗಿನವರು ಕರೆಯುತ್ತಿದ್ದ ಹೆಸರು. ಅದೇ ಸೀಮೆಯ ಚಿಟಿಮಾಚಾ ಜನ ಇಂದಿಗೂ ಬಾಯೂ ಟೆಶ್ ಎಂಬ ಹೊಳೆಯ ದಡದಲ್ಲೇ ಇದ್ದಾರೆ.

1765ರ ಏಪ್ರಿಲ್ 4ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಆದ ಕರಾರುಪತ್ರ ಉಳಿದುಬಂದಿದೆ. ಒಂದು ಕಡೆ ಅಂತ್ವಾನ್ ಬೆರ್ನಾರ್ ದೋತ್ರೀವ್ ಎಂಬ ನಿವೃತ್ತ ಸೇನಾಧಿಕಾರಿ, ಇನ್ನೊಂದು ಕಡೆ ಬೋಸೊಲೇ ಸೇರಿ ಎಂಟು ಅಕೇಡಿಯನ್ ಮುಖಂಡರು. ಪ್ರತಿ ಕುಟುಂಬಕ್ಕೆ ಕರು ಸಮೇತ ಐದು ಹಸು, ಒಂದು ಹೋರಿ; ಅವಧಿ ಆರು ವರ್ಷ; ಅವಧಿ ಮುಗಿದ ಮೇಲೆ ಪಡೆದಷ್ಟೇ ದನಗಳನ್ನು ಹಿಂದಿರುಗಿಸಬೇಕು, ಹೆಚ್ಚಿದ ಸಂತಾನದಲ್ಲಿ ಇಬ್ಬರಿಗೂ ಅರ್ಧರ್ಧ. ನಮ್ಮ ಹಳ್ಳಿಗಳಲ್ಲಿ ಹಸುವನ್ನು ‘ಪಾಲಿಗೆ’ ಕೊಡುತ್ತಾರಲ್ಲ, ಹೆಚ್ಚುಕಡಿಮೆ ಅದೇ ಏರ್ಪಾಡು. ಕಡಲಿನ ಒಡ್ಡು ಕಾಯುತ್ತಿದ್ದ ರೈತರು ಒಂದು ಸಹಿಯಲ್ಲಿ ದನಗಾಹಿಗಳಾದರು. ಕರಾರು ಹೇಳಿದ್ದಂತೆ ಎಲ್ಲವೂ ನಡೆಯಲಿಲ್ಲ, ಅವರು ನೆಲೆಸಿದ್ದೂ ದೋತ್ರೀವ್‌ನ ಜಮೀನಿನಲ್ಲಲ್ಲ. ಸೇಂಟ್ ಮಾರ್ಟಿನ್‌ವಿಲ್ ಊರಿನಿಂದ ಕೆಳಗೆ, ಇಂದಿನ ಲೋರೋವಿಲ್ ಬಳಿ ಹೊಳೆ ದೊಡ್ಡ ಬಳಸು ಹಾಕಿ ಹರಿಯುವ ಫೋಸ್ ಪ್ವಾಂತ್ ಎಂಬ ತಾಣದ ಸುತ್ತಮುತ್ತ.

ಅವರೊಂದಿಗೆ ಹೊರಟಿದ್ದವರು ಸಿವ್ರೇ ಎಂಬ ಕಪುಚಿನ್ ಧರ್ಮಗುರುಗಳು. ಈಗ ‘ಸ್ಥಾಪಿಸಿದರು’ ಎಂಬ ಮಾತಿಗೆ ಬರೋಣ. ಚರ್ಚು ಎಂದೊಡನೆ ಕನ್ನಡದಲ್ಲಿ ನಮ್ಮ ಕಣ್ಣಿಗೆ ಬರುವುದು ಗೋಪುರ, ಗಂಟೆ. ಕಥೋಲಿಕರ ಲೆಕ್ಕದಲ್ಲಿ ಧರ್ಮಕೇಂದ್ರವೊಂದು ಇದೆ ಎನ್ನುವುದಕ್ಕೆ ಕಟ್ಟಡ ಸಾಕ್ಷಿಯಲ್ಲ. ಗುರು, ಭಕ್ತರ ಸಭೆ ಮತ್ತು ದಾಖಲೆ ಪುಸ್ತಕ ಸಾಕ್ಷಿ. ಜ್ಞಾನಸ್ನಾನ, ಮದುವೆ, ಮರಣ ಇವನ್ನು ಬರೆದಿಡುವ ಪುಸ್ತಕ ತೆರೆದ ದಿನ ಧರ್ಮಕೇಂದ್ರದ ಆಯುಸ್ಸು ಆರಂಭವಾಗುತ್ತದೆ. ಸಿವ್ರೇ ಗುರುಗಳು ಬರೆದ 1765ರ ನಮೂದುಗಳಲ್ಲಿ ಆ ತಾಣವನ್ನು ‘ನೂವೆಲ್ ಅಕಾದಿ’, ಎಂದರೆ ಹೊಸ ಅಕೇಡಿಯಾ ಎಂದು ಕರೆಯಲಾಗಿದೆ. ಬಂದು ಕೆಲವೇ ವಾರಗಳಾಗಿದ್ದವು, ತಲೆಯ ಮೇಲೆ ಸರಿಯಾದ ಸೂರಿರಲಿಲ್ಲ. ಆದರೂ ಕಳೆದುಕೊಂಡ ನಾಡಿನ ಹೆಸರು ಪುಸ್ತಕದಲ್ಲಿ ಮತ್ತೆ ಹುಟ್ಟಿಕೊಂಡಿತ್ತು.

ನನ್ನ ಮಟ್ಟಿಗೆ ಈ ಚರ್ಚಿನ ಅಡಿಗಲ್ಲೆಂದರೆ ಆ ಹಾಳೆಗಳೇ. ಅವುಗಳಲ್ಲಿ ಮೇ ತಿಂಗಳಲ್ಲಿ ಹುಟ್ಟಿದ ಮಗುವಿನ ಜ್ಞಾನಸ್ನಾನದ ನಮೂದಿದೆ. ಬೇಸಿಗೆ ಏರುತ್ತಿದ್ದಂತೆ ಸಾವಿನ ನಮೂದುಗಳು ಒತ್ತೊತ್ತಾಗಿ ಬರತೊಡಗುತ್ತವೆ. ತಣ್ಣನೆಯ ಸೀಮೆಯಿಂದ ಬಂದವರನ್ನು ಜೌಗಿನ ಜ್ವರ ಹಿಡಿಯಿತು. ಆ ವರ್ಷ ಮುಗಿಯುವುದರೊಳಗೆ ಇನ್ನೂರರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಮಣ್ಣು ಸೇರಿದರು. ಎಲ್ಲಿ ಹೂಳಲಾಯಿತು ಎಂಬುದನ್ನು ಬರೆಯಲು ಆಗಿನ್ನೂ ಊರಿನ ಹೆಸರುಗಳೇ ಇರಲಿಲ್ಲವಾದ್ದರಿಂದ ಗುರುಗಳು ‘ಕೆಳಗಿನ ಮೊದಲ ಬಿಡಾರ’, ‘ಕೆಳಗಿನ ಕೊನೆಯ ಬಿಡಾರ’, ‘ಬೋಸೊಲೇ ಎಂಬ ಬಿಡಾರ’ ಎಂದು ಗುರುತು ಹಾಕಿದ್ದಾರೆ. ಸೆಪ್ಟೆಂಬರಿನಲ್ಲಿ ಅಲೆಕ್ಸಾಂದ್ರ್ ಬ್ರೂಸಾರ್ ಹೋದ. ಅಕ್ಟೋಬರ್ 20ರ ನಮೂದಿನಲ್ಲಿ, ತನ್ನದೇ ಅಡ್ಡಹೆಸರಿನ ಬಿಡಾರದಲ್ಲಿ, ಅರವತ್ತು ದಾಟಿದ್ದ ಜೋಸೆಫ್ ಬ್ರೂಸಾರ್ ಮಣ್ಣಾದ. ಹತ್ತು ವರ್ಷ ಕಾಡು, ಸೆರೆ, ಕಡಲುಗಳನ್ನು ದಾಟಿಸಿ ತನ್ನ ಜನರನ್ನು ಕರೆತಂದವನು ಹೊಸ ನೆಲದಲ್ಲಿ ಕಳೆದದ್ದು ಎಂಟು ತಿಂಗಳು. ಮರುವರ್ಷ ಸಿವ್ರೇ ಗುರುಗಳೂ ಅಲ್ಲಿಂದ ಹೊರಟುಹೋದರು. ಕೆಲಕಾಲ ಖಾಯಂ ಗುರುಗಳಿಲ್ಲದೆ, ಬಂದುಹೋಗುವವರ ಸೇವೆಯಲ್ಲೇ ಸಭೆ ನಡೆಯಬೇಕಾಯಿತು.

ಪುಸ್ತಕಕ್ಕೆ ಇಷ್ಟು ಮಹತ್ವ ಏಕೆ ಎಂದು ನೀವು ಕೇಳಬಹುದು. ಗಡಿಪಾರಿನ ವರ್ಷಗಳಲ್ಲಿ ಗುರುಗಳೇ ಇಲ್ಲದ ಪ್ರಾಟೆಸ್ಟಂಟ್ ಊರುಗಳಲ್ಲಿ ಚದುರಿದ್ದ ಅಕೇಡಿಯನ್ನರು ಹಿರಿಯರ ಸಾಕ್ಷಿಯಲ್ಲಿ ಮದುವೆಯಾಗಿದ್ದರು. ಗುರುಗಳು ಸಿಕ್ಕಾಗ ಆ ಮದುವೆಗಳನ್ನು ವಿಧಿವತ್ತಾಗಿ ಸಕ್ರಮಗೊಳಿಸಬೇಕಿತ್ತು. ಒಂದೇ ಬಳಗದವರಾದ್ದರಿಂದ ವಧೂವರರು ಎಷ್ಟನೆಯ ತಲೆಮಾರಿನ ಸಂಬಂಧಿಗಳು ಎಂಬುದನ್ನು ತೋರಿಸದೆ ವಿನಾಯಿತಿ ಸಿಗುತ್ತಿರಲಿಲ್ಲ. ಆಸ್ತಿಯೆಲ್ಲ ಹೋದ ಜನಕ್ಕೆ ತಾವು ಯಾರ ಮಕ್ಕಳು ಎಂಬುದಕ್ಕೆ ಇದ್ದ ಕಾಗದ ಅದೊಂದೇ. ಫ್ರಾನ್ಸ್ ಸೇರಿದ್ದ ಅಕೇಡಿಯನ್ನರಂತೂ 1767ರಲ್ಲಿ ಬೆಲ್ ಈಲ್ ದ್ವೀಪದಲ್ಲಿ ಕುಳಿತು ತಮ್ಮ ವಂಶಾವಳಿಗಳನ್ನು ನೆನಪಿನಿಂದಲೇ ಹೇಳಿ ಬರೆಸಿದರು.

ಇದೇ ಕಾರಣಕ್ಕೆ ನಿಮಗೆ ಇನ್ನೊಂದು ಚರ್ಚಿನ ವಿಷಯ ಹೇಳಬೇಕು. ಬ್ಯಾಟನ್ ರೂಜ್‌ನಿಂದ ದಕ್ಷಿಣಕ್ಕೆ, ಮಿಸಿಸಿಪ್ಪಿ ದಡದ ಸೇಂಟ್ ಗೇಬ್ರಿಯಲ್ ಎಂಬಲ್ಲಿ 1767ರಲ್ಲಿ ಮೇರಿಲ್ಯಾಂಡ್‌ನಿಂದ ಬಂದ ಅಕೇಡಿಯನ್ನರನ್ನು ಸ್ಪೇನಿನ ಗವರ್ನರ್ ಉಲ್ಲೋವಾ ನೆಲೆಗೊಳಿಸಿದ. ಅವರು ಗಡಿಪಾರಿನ ಹಡಗಿನಲ್ಲಿ ತಂದ ಗಂಟಿನೊಳಗೆ ಗ್ರಾಂ ಪ್ರೇಯ ಅದೇ ಸಂತ ಚಾರ್ಲ್ಸರ ಚರ್ಚಿನ ದಾಖಲೆ ಪುಸ್ತಕಗಳಿದ್ದವು, 1707ರಿಂದ 1748ರವರೆಗಿನವು. ಚರ್ಚು ಸೆರೆಮನೆಯಾಗಿ ಊರು ಖಾಲಿಯಾದರೂ, ಪುಸ್ತಕ ಮಾತ್ರ ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ಇಳಿದು, ಹನ್ನೆರಡು ವರ್ಷ ಅನ್ಯರ ನಾಡಿನಲ್ಲಿ ಯಾರದೋ ಪೆಟ್ಟಿಗೆಯಲ್ಲಿದ್ದು, ಲೂಯಿಸಿಯಾನಕ್ಕೆ ಬಂದು ತಲುಪಿತು. ಇಂದು ಅವು ಬ್ಯಾಟನ್ ರೂಜ್ ಧರ್ಮಪ್ರಾಂತ್ಯದ ದಾಖಲೆಗಾರದಲ್ಲಿವೆ. ಅಕೇಡಿಯನ್ ವಲಸಿಗರೇ ಕಟ್ಟಿ ನಿಲ್ಲಿಸಿದ ಕಟ್ಟಡವನ್ನು ನೋಡಬೇಕೆಂಬ ಆಸೆ ನಿಮಗಿದ್ದರೆ ಹೋಗಬೇಕಾದದ್ದೂ ಸೇಂಟ್ ಗೇಬ್ರಿಯಲ್‌ಗೇ. ಅಲ್ಲಿನ 18ನೇ ಶತಮಾನದ ಮರದ ಚರ್ಚು ಬಹಳ ರಿಪೇರಿಗಳನ್ನು ಕಂಡು ಇನ್ನೂ ನಿಂತಿದೆ. ಪ್ರವಾಸಿಗರ ಬಸ್ಸುಗಳು ಅಲ್ಲಿಗೆ ಹೋಗುವುದು ಕಡಿಮೆ, ಏಕೆಂದರೆ ಅಲ್ಲಿ ಯಾವ ಪ್ರೇಮಕಥೆಯೂ ಇಲ್ಲ.

ಮರಳಿ ಸೇಂಟ್ ಮಾರ್ಟಿನ್‌ವಿಲ್‌ಗೆ. ಆಗ ಅದು ಊರಲ್ಲ, ‘ಪೋಸ್ತ್ ದೆಸ್ ಅಟಕಪಾಸ್’ ಎಂಬ ಠಾಣೆ. ಅಕೇಡಿಯನ್ನರು ಬರುವುದಕ್ಕೆ ಮೊದಲೇ ಅಲ್ಲಿ ಕೆಲವು ಫ್ರೆಂಚ್ ದನಗಾರರೂ ಅವರ ಗುಲಾಮರಾಗಿದ್ದ ಆಫ್ರಿಕನ್ನರೂ ಇದ್ದರು. ಸಭೆಯಲ್ಲಿ ಅಕೇಡಿಯನ್ನರು ಒಬ್ಬರೇ ಇದ್ದರೆಂದು ತಿಳಿಯಬಾರದು. ಚರ್ಚಿನ ಜಾಗ ದೋತ್ರೀವ್ ಮನೆತನದ ದಾನವೆಂಬುದು ಊರಿನ ನಂಬಿಕೆ. ಮೊದಲ ಪ್ರಾರ್ಥನಾಲಯಗಳು ಮರದ ಚೌಕಟ್ಟಿನ ಸಾಧಾರಣ ಕಟ್ಟಡಗಳು. ಪಾಲಕ ಸಂತರು ನಾಲ್ಕನೆಯ ಶತಮಾನದ ತೂರ್ ನಗರದ ಧರ್ಮಾಧ್ಯಕ್ಷ ಮಾರ್ಟಿನರು. ಸೈನಿಕನಾಗಿದ್ದಾಗ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯನ್ನು ಖಡ್ಗದಿಂದ ಸೀಳಿ ಅರ್ಧ ಕೊಟ್ಟರೆಂಬ ಕಥೆಯ ಚಿತ್ರವನ್ನು ನೀವು ಬಲಿಪೀಠದ ಹಿಂದೆ ನೋಡಿರಬಹುದು. (ಆ ಮೇಲಂಗಿಯ ಲ್ಯಾಟಿನ್ ಹೆಸರಾದ ಕಪ್ಪೆಲ್ಲಾ ಎಂಬುದರಿಂದಲೇ, ಅದನ್ನು ಕಾಪಾಡಿಟ್ಟ ಗುಡಿಯ ಮೂಲಕ, ‘ಚಾಪೆಲ್’ ಎಂಬ ಪದ ಬಂದಿದೆ.)

ಆಡಳಿತದ ಕಡೆಯಿಂದ ನೋಡಿದರೆ ಈ ಸಣ್ಣ ಚರ್ಚು ಬಹಳ ದೂರದ ಗುರುಪೀಠಗಳನ್ನು ಕಂಡಿದೆ. ಸ್ಪೇನಿನ ಕಾಲದಲ್ಲಿ ಅದು ಕ್ಯೂಬಾದ ಧರ್ಮಾಧ್ಯಕ್ಷರ ಅಧೀನದಲ್ಲಿತ್ತು. 1793ರಲ್ಲಿ ನ್ಯೂ ಆರ್ಲಿಯನ್ಸ್‌ಗೇ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. 1803ರಲ್ಲಿ ಸೀಮೆಯನ್ನು ಅಮೆರಿಕ ಕೊಂಡಿತು. 1918ರಲ್ಲಿ ಲಫಾಯೆಟ್ ಧರ್ಮಪ್ರಾಂತ್ಯ ಹುಟ್ಟಿದ ಮೇಲೆ ಅದರೊಳಗೆ ಸೇರಿತು. ಲೂಯಿಸಿಯಾನದಲ್ಲಿ ಜಿಲ್ಲೆಗಳನ್ನು ಬೇರೆ ರಾಜ್ಯಗಳಂತೆ ಕೌಂಟಿ ಎನ್ನದೆ ಪ್ಯಾರಿಷ್, ಅಂದರೆ ಧರ್ಮಕೇಂದ್ರ, ಎನ್ನುವುದನ್ನು ನೀವು ಫಲಕಗಳಲ್ಲಿ ಗಮನಿಸಿರುತ್ತೀರಿ. 1807ರಲ್ಲಿ ಸರಕಾರ ಸೀಮೆಯನ್ನು ವಿಂಗಡಿಸುವಾಗ ಜನರಿಗೆ ರೂಢಿಯಿದ್ದ ಧರ್ಮಕೇಂದ್ರಗಳ ಹೆಸರನ್ನೂ ಎಲ್ಲೆಯನ್ನೂ ಬಹುಮಟ್ಟಿಗೆ ಹಾಗೆಯೇ ತೆಗೆದುಕೊಂಡಿತು. ಜಿಲ್ಲೆಗೂ ಊರಿಗೂ ಮಾರ್ಟಿನರ ಹೆಸರು ಬಂದದ್ದು ಈ ಚರ್ಚಿನಿಂದ.

ಈಗಿನ ಕಟ್ಟಡದ ಬಗ್ಗೆ ನಿಮ್ಮ ಕಣ್ಣು ಮೋಸ ಹೋಗಿಲ್ಲ. ಗಾರೆ ಬಳಿದ ಇಟ್ಟಿಗೆಯ ಈ ಕಟ್ಟಡ 19ನೇ ಶತಮಾನದ ಎರಡನೆಯ ಕಾಲುಭಾಗದ್ದು. ಬರಹಗಳಲ್ಲಿ 1836, 1844 ಎಂಬ ಎರಡು ವರ್ಷಗಳೂ ಕಾಣುತ್ತವೆ. ಅಷ್ಟು ಹೊತ್ತಿಗೆ ದನಗಾಹಿಗಳ ಸೀಮೆ ಕಬ್ಬು, ಹತ್ತಿಗಳ ಸೀಮೆಯಾಗಿತ್ತು. ಬಂದಾಗ ಬರಿಗೈಯವರಾಗಿದ್ದ ಅಕೇಡಿಯನ್ನರ ಮಕ್ಕಳು ಮೊಮ್ಮಕ್ಕಳಲ್ಲಿ ಹಲವರು ಗುಲಾಮರ ಯಜಮಾನರಾಗಿದ್ದರು. ಅಷ್ಟು ದೊಡ್ಡ ಇಟ್ಟಿಗೆ ಚರ್ಚನ್ನು ಎಬ್ಬಿಸಿದ ಸಂಪತ್ತಿನ ಹಿಂದೆ ಯಾರ ದುಡಿಮೆಯಿತ್ತು ಎಂಬುದನ್ನು ಮರೆಮಾಚಿ, ಇದನ್ನು ಬರೀ ನೊಂದವರ ಚರ್ಚು ಎಂದು ಕರೆಯುವುದು ಅರ್ಧ ಮಾತಾಗುತ್ತದೆ. ಗುಲಾಮರ ಜ್ಞಾನಸ್ನಾನದ ನಮೂದುಗಳೂ ಅದೇ ಧರ್ಮಕೇಂದ್ರದ ಪುಸ್ತಕಗಳಲ್ಲಿವೆ, ಬಹುಪಾಲು ಮನೆತನದ ಹೆಸರಿಲ್ಲದೆ, ಯಜಮಾನನ ಹೆಸರಿನೊಂದಿಗೆ. ಊರಿನ ಕಪ್ಪು ಕಥೋಲಿಕರಿಗೆ ಮುಂದೆ ಬೇರೆಯೇ ಧರ್ಮಕೇಂದ್ರವಾಯಿತು.

ಒಳಗೆ ಪುಟ್ಟ ಬಾಗಿಲುಗಳಿರುವ ಹಳೆಯ ಕಾಲದ ಬೆಂಚುಗಳನ್ನು ನೀವು ನೋಡಿರಬೇಕು. ಎಡಬದಿಯಲ್ಲಿ ಲೂರ್ದ್ ಮಾತೆಯ ಗವಿಯ ಮಾದರಿಯೊಂದಿದೆ. 1858ರಲ್ಲಿ ಫ್ರಾನ್ಸಿನ ಲೂರ್ದ್ ಊರಿನ ಗವಿಯಲ್ಲಿ ಮರಿಯ ಮಾತೆ ಕಾಣಿಸಿಕೊಂಡರೆಂಬ ಸುದ್ದಿ ಹರಡಿದ ಕೆಲವು ದಶಕಗಳ ನಂತರ, ಪಿಯೆರ್ ಮಾರ್ಟಿನೆ ಎಂಬ ಮಿಶ್ರ ಮೂಲದ ಸ್ಥಳೀಯ ಕುಶಲಕರ್ಮಿ ಮೂಲ ಗವಿಯನ್ನು ಕಾಣದೆ, ಚಿತ್ರವೊಂದನ್ನು ಮುಂದಿಟ್ಟುಕೊಂಡು ಮಾಡಿದ್ದು. ಹೊರಗೆ ನಿಂತಿರುವ ಗುರುಗಳ ಪ್ರತಿಮೆ 1851ರಿಂದ 1887ರವರೆಗೆ ಇಲ್ಲಿ ಸೇವೆ ಸಲ್ಲಿಸಿದ ಆಂಜ್ ಮರಿ ಜಾನ್ ಅವರದು. ಅಂತರ್ಯುದ್ಧವೂ ಗುಲಾಮಗಿರಿಯ ಅಂತ್ಯವೂ ಅವರ ಕಾಲದಲ್ಲೇ ಆದವು. ಜ್ಞಾನಸ್ನಾನದ ತೊಟ್ಟಿ 16ನೆಯ ಲೂಯಿ ದೊರೆಯ ಕೊಡುಗೆ ಎಂದು ನಿಮಗೂ ಹೇಳಿರುತ್ತಾರೆ. ನಾನು ಇದನ್ನು ನಂಬಿಕೆಯ ಪಟ್ಟಿಯಲ್ಲೇ ಇಡುತ್ತೇನೆ: ಆ ಲೂಯಿ ಪಟ್ಟಕ್ಕೆ ಬಂದದ್ದು 1774ರಲ್ಲಿ, ಲೂಯಿಸಿಯಾನ ಅಷ್ಟರಲ್ಲಿ ಸ್ಪೇನಿನದಾಗಿ ಒಂದು ದಶಕ ಕಳೆದಿತ್ತು. ಬೇರೆ ದೊರೆಯ ಸೀಮೆಯ ಮೂಲೆಯ ಠಾಣೆಗೆ ಫ್ರಾನ್ಸಿನ ದೊರೆ ತೊಟ್ಟಿ ಕಳಿಸಿರಲಾರ ಎಂದೇನೂ ಇಲ್ಲ, ಆದರೆ ಅದಕ್ಕೆ ಕಾಗದದ ಸಾಕ್ಷಿ ಬೇಕಾಗುತ್ತದೆ. ‘ಪುಟ್ಟ ಪ್ಯಾರಿಸ್’ ಎಂದು ತನ್ನನ್ನು ಕರೆದುಕೊಂಡು, ಫ್ರೆಂಚ್ ಕ್ರಾಂತಿಯಿಂದ ಓಡಿಬಂದ ಸಿರಿವಂತರ ಕಥೆಗಳನ್ನು ಮೆಲುಕು ಹಾಕುವ ಊರಿಗೆ ಇಂಥ ರಾಜಕೊಡುಗೆ ಒಪ್ಪುತ್ತದೆ ಎಂಬುದೂ ನನ್ನ ಅನುಮಾನಕ್ಕೆ ಒಂದು ಕಾರಣ.

ಇನ್ನು ಇವಾಂಜಲೀನ್. ಅಮೆರಿಕದ ಕವಿ ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೋ 1847ರಲ್ಲಿ ಪ್ರಕಟಿಸಿದ ಕಾವ್ಯದ ನಾಯಕಿ ಆಕೆ. ಮದುವೆಯ ಹೊತ್ತಿಗೆ ಗಡಿಪಾರಿನಿಂದ ಅಗಲಿದ ಪ್ರಿಯನನ್ನು ಬದುಕಿಡೀ ಹುಡುಕುತ್ತಾಳೆ. ಕವಿ ಅಕೇಡಿಯಾವನ್ನೂ ಲೂಯಿಸಿಯಾನವನ್ನೂ ಕಣ್ಣಾರೆ ಕಂಡವನಲ್ಲ. ಟೆಶ್ ಹೊಳೆಯ ದಡದ ಊರಾಗಿ ಸೇಂಟ್ ಮಾರ್ಟಿನ್ ಹೆಸರು ಕಾವ್ಯದಲ್ಲಿ ಬರುತ್ತದೆ, ಅಷ್ಟೆ. ಅದೂ ಅಲ್ಲದೆ ಕಾವ್ಯದಲ್ಲಿ ಆಕೆ ಸಾಯುವುದು ಫಿಲಡೆಲ್ಫಿಯಾದಲ್ಲಿ. 1907ರಲ್ಲಿ ಇದೇ ಊರಿನ ನ್ಯಾಯಾಧೀಶ ಫೆಲಿಕ್ಸ್ ವೂರೀಸ್, ತನ್ನ ಅಜ್ಜಿ ಹೇಳಿದ್ದೆಂಬ ರೂಪದಲ್ಲಿ ಒಂದು ಪುಸ್ತಕ ಬರೆದು, ಇವಾಂಜಲೀನ್‌ಳ ನಿಜ ಹೆಸರು ಎಮಲೀನ್ ಲಾಬಿಷ್ ಎಂದೂ ಆಕೆಯ ಪ್ರಿಯ ಲೂಯಿ ಆರ್ಸನೋ ಎಂದೂ ಇಬ್ಬರೂ ಟೆಶ್ ದಡದ ಓಕ್ ಮರದಡಿ ಭೇಟಿಯಾದರೆಂದೂ ಸಾರಿದ. ಊರು ಅದನ್ನು ಇತಿಹಾಸವೆಂದೇ ಎತ್ತಿಕೊಂಡಿತು. 1929ರ ಮೂಕಿ ಚಿತ್ರದ ಸ್ವಲ್ಪ ಭಾಗದ ಚಿತ್ರೀಕರಣ ಅಲ್ಲಿ ನಡೆದ ಮೇಲೆ, ನಾಯಕಿಯಾಗಿದ್ದ ಮೆಕ್ಸಿಕೋದ ನಟಿ ದೊಲೊರೆಸ್ ದೆಲ್ ರಿಯೊ ಅವರ ಹೋಲಿಕೆಯಲ್ಲಿ, ಅವರದೇ ಕೊಡುಗೆಯಾಗಿ ಬಂದ ಕಂಚಿನ ಪ್ರತಿಮೆಯನ್ನು ಚರ್ಚಿನ ಪಕ್ಕದ ಸ್ಮಶಾನದ ಜಾಗದಲ್ಲಿ ಸ್ಥಾಪಿಸಲಾಯಿತು. 1931ರಲ್ಲಿ ಅದರ ಅನಾವರಣ. ನೀವು ‘ಸಮಾಧಿ’ಯ ಮೇಲೆ ಕಂಡ ಮುಖ ಆಕೆಯದು. ಚರಿತ್ರಕಾರರು ದಾಖಲೆ ಪುಸ್ತಕಗಳನ್ನು ಜಾಲಾಡಿದರೂ ವೂರೀಸ್ ಹೇಳುವ ಎಮಲೀನ್ ಲಾಬಿಷ್ ಸಿಗಲಿಲ್ಲ. ಎಮಲೀನ್‌ಳ ಹೆಸರು ಇಲ್ಲದ ಅದೇ ಪುಸ್ತಕಗಳಲ್ಲಿ ಹೆಸರು, ದಿನಾಂಕ, ಬಿಡಾರದ ಗುರುತುಗಳ ಸಮೇತ ಇರುವ 1765ರ ಮೃತರಿಗೆ ಗೋರಿಕಲ್ಲುಗಳಿಲ್ಲ.

ಹಾಗೆಂದು ಆ ಕಾವ್ಯವನ್ನು ಬರೀ ಸುಳ್ಳೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಲೂಯಿಸಿಯಾನದ ಅಕೇಡಿಯನ್ ಸಂತತಿಯವರನ್ನು ಕರೆಯುವ ಕೇಜನ್ ಎಂಬ ಪದ ‘ಅಕಾದಿಯನ್’ ಸವೆದು ‘ಕಾದಿಯನ್’ ಆಗಿ ಹುಟ್ಟಿದ್ದು. 20ನೇ ಶತಮಾನದ ಆರಂಭದಲ್ಲಿ ಅದೊಂದು ಬೈಗುಳವಾಗಿತ್ತು, ಶಾಲೆಯಲ್ಲಿ ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಇಂಗ್ಲಿಷ್ ಓದುಗರು ಕಣ್ಣೀರಿಟ್ಟ ನಾಯಕಿಯೊಬ್ಬಳು ಆ ಜನಕ್ಕೆ ತಲೆಯೆತ್ತಿ ನಡೆಯಲು ನೆವವಾದಳು. ತಕರಾರು ಇರುವುದು ಇಷ್ಟಕ್ಕೆ: ಕಾಯುವ, ಅಳುವ ಹುಡುಗಿಯ ಪ್ರತಿಮೆಯ ನೆರಳಿನಲ್ಲಿ ಕೋವಿ ಹಿಡಿದು ಕಾದಾಡಿದ, ಹಡಗು ಗೊತ್ತುಮಾಡಿದ, ದನದ ಕರಾರಿಗೆ ಸಹಿ ಹಾಕಿದ ಜನ ಕಾಣದೆ ಹೋದರು. 2003ರ ಡಿಸೆಂಬರಿನಲ್ಲಿ ಬ್ರಿಟನ್ ರಾಣಿಯ ಹೆಸರಿನಲ್ಲಿ ಕೆನಡಾ ಹೊರಡಿಸಿದ ಘೋಷಣೆ ಗಡಿಪಾರನ್ನೂ ಅದರಿಂದಾದ ಸಂಕಷ್ಟಗಳನ್ನೂ ಒಪ್ಪಿಕೊಂಡು ಜುಲೈ 28ನ್ನು ಸ್ಮರಣೆಯ ದಿನವಾಗಿ ಗೊತ್ತುಮಾಡಿತು. ಅದಕ್ಕೆ ಮೊದಲ ಒತ್ತಾಯ ಬಂದದ್ದು 1990ರಲ್ಲಿ, ಕೆನಡಾದಿಂದಲ್ಲ, ಬೋಸೊಲೇಯ ವಂಶದವರಾದ ಲೂಯಿಸಿಯಾನದ ವಕೀಲ ವಾರನ್ ಪೆರಿನ್ ಅವರಿಂದ.

ಇನ್ನೊಮ್ಮೆ ಆ ಕಡೆ ಹೋದರೆ, ಚರ್ಚಿನಿಂದ ನಾಲ್ಕು ಹೆಜ್ಜೆ ದೂರದ ಹೊಳೆದಂಡೆಯಲ್ಲಿರುವ ಅಕೇಡಿಯನ್ ಸ್ಮಾರಕಕ್ಕೆ ಹೋಗಿ. ಅಲ್ಲಿನ ಗೋಡೆಯ ಮೇಲೆ ಲೂಯಿಸಿಯಾನಕ್ಕೆ ಬಂದ ಅಕೇಡಿಯನ್ನರ ಹೆಸರುಗಳನ್ನು ಕೊರೆದಿದ್ದಾರೆ. ಎದುರಿನ ದೊಡ್ಡ ಭಿತ್ತಿಚಿತ್ರದಲ್ಲಿ ಬಂದಿಳಿದವರ ಗುಂಪಿದೆ. ಸಮಯವಿದ್ದರೆ ಅಲ್ಲಿಂದ ಲೋರೋವಿಲ್‌ವರೆಗೆ ಕಾರು ಓಡಿಸಿ. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳು, ನಡುನಡುವೆ ಹೊಳೆಯ ತಿರುವು. ಲಫಾಯೆಟ್‌ನ ವಿಶ್ವವಿದ್ಯಾಲಯದ ಪುರಾತತ್ವಜ್ಞರು ಸಿವ್ರೇ ಗುರುಗಳ ಪುಸ್ತಕದಲ್ಲಿರುವ ಆ ಮೂರು ಬಿಡಾರಗಳನ್ನೂ ಬೋಸೊಲೇಯ ಗೋರಿಯನ್ನೂ ಆ ಗದ್ದೆಗಳ ನಡುವೆಯೇ ಹುಡುಕುತ್ತ ಬಂದಿದ್ದಾರೆ.